ಐನ್‌ಮನೆ ಥೀಮಿನ ಕೆಫೆಯಲ್ಲಿ ಕೊಡುವ ಕೊಡಗಿನ ಊಟ ಅಸಲಿಯಾ? ಅನುಭವ ಇದ್ದವರು ಹೇಳಿ

ಮಡಿಕೇರಿಗೆ ಹೊಸಬ:

ನಮಸ್ಕಾರ. ನಾನು ಹಾವೇರಿ ಕಡೆಯವನು. ಕೆಲಸದ ಮೇಲೆ ಮಡಿಕೇರಿಗೆ ಬಂದು ಎಂಟು ತಿಂಗಳಾಯಿತು. ದಸರಾ ರಜೆಗೆ ಅತ್ತೆ, ಮಾವ ಊರಿಂದ ಬರುತ್ತಿದ್ದಾರೆ. ಅವರಿಗೆ ಒಂದು ಹೊತ್ತಾದರೂ ಇಲ್ಲಿಯದೇ ಊಟ ಹಾಕಿಸಬೇಕು ಅಂತ ಹೆಂಡತಿಗೆ ಆಸೆ. ಹೊಸದಾಗಿ ಒಂದು ಕೆಫೆ ಶುರುವಾಗಿದೆ. ಒಳಗೆ ಐನ್‌ಮನೆ (ಕೊಡವರ ಹಳೇ ಕುಟುಂಬದ ಮನೆ) ಹಾಗೆ ಕೆತ್ತನೆಯ ಕಂಬ, ಜಗಲಿ, ತೂಗುದೀಪ, ಗೋಡೆ ಮೇಲೆ ಒಡಿಕತ್ತಿ ಅನ್ನುವ ಅಗಲದ ಬಾಗುಕತ್ತಿ. ಬಡಿಸುವ ಹುಡುಗರಿಗೆ ಇಲ್ಲಿನ ಉದ್ದ ಅಂಗಿ ಕುಪ್ಯ, ಸೊಂಟಕ್ಕೆ ಸುತ್ತುವ ಚೇಲೆ. ಊಟ ಒಬ್ಬರಿಗೆ 650 ರೂಪಾಯಿ. ನೋಡೋಕೆ ಚೆನ್ನಾಗಿದೆ. ಆದರೆ ತಟ್ಟೆಗೆ ಬರುವುದು ಇಲ್ಲಿನ ಮನೆಗಳಲ್ಲಿ ಮಾಡುವ ಅಡುಗೆಯೇನಾ ಅಂತ ಹೊರಗಿನವನಾದ ನನಗೆ ಹೇಗೆ ಗೊತ್ತಾಗಬೇಕು? ಅತ್ತೆ, ಮಾವ ಇಬ್ಬರೂ ಮಾಂಸ ಮುಟ್ಟುವುದಿಲ್ಲ. ತಿಂದವರು, ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಗೋಣಿಕೊಪ್ಪಲಿನಲ್ಲಿ ಮೆಸ್ ಇಟ್ಟಿದ್ದವಳು:

ಅಸಲಿ ಊಟ ಹಾಕಿಯೇ ಬಾಗಿಲು ಮುಚ್ಚಿದವಳು ನಾನು. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

2017ರ ಜನವರಿಯಲ್ಲಿ ಆರು ಮೇಜಿನ ಮೆಸ್ ತೆರೆದೆ. ಅಡ್ವಾನ್ಸ್ 1 ಲಕ್ಷ 20 ಸಾವಿರ, ಬಾಡಿಗೆ ತಿಂಗಳಿಗೆ 11 ಸಾವಿರ. ಒಲೆ, ಪಾತ್ರೆ, ಫ್ರಿಜ್ಜು, ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ) ಒತ್ತುವ ಒರಳು ಎರಡು, ಎಲ್ಲ ಸೇರಿ 1 ಲಕ್ಷ 85 ಸಾವಿರ. ಅವ್ವನ ಚಿನ್ನದ ಸರ ಜೋಮಾಲೆ ಅಡವಿಟ್ಟು 2 ಲಕ್ಷ ತಂದಿದ್ದೆ.

ಪಂದಿ ಕರಿಯ (ಹಂದಿ ಮಾಂಸದ ಅಡುಗೆ) ಮಸಾಲೆ ನಾನೇ ಹುರಿಯುತ್ತಿದ್ದೆ, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ನಾಲ್ಕು ಕಾಳು ಮೆಂತ್ಯ. ಹುರಿದ ಕಾಫಿ ಬೀಜದ ಬಣ್ಣಕ್ಕೆ ಬರಬೇಕು. ಬೇಗ ಇಳಿಸಿದರೆ ಕರಿ ಕಪ್ಪಗಾಗುವುದಿಲ್ಲ, ತಡವಾದರೆ ಕಹಿ. ಹೊಗೆ ಎದ್ದು ಕಣ್ಣು ಉರಿಯಲು ಶುರುವಾದ ಕೂಡಲೇ ಬಾಣಲೆ ಕೆಳಗೆ ಬರಬೇಕು. ಚರ್ಮ, ಕೊಬ್ಬು, ಮಾಂಸ ಮೂರೂ ಒಂದೇ ತುಂಡಿನಲ್ಲಿ ಇರಬೇಕು. ಕೊನೆಗೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ. ಟೊಮೇಟೊ ಇಲ್ಲ, ತೆಂಗಿನ ಹಾಲು ಇಲ್ಲ.

ತಿಂದವರು ಏನಂದರು? "ಕಪ್ಪಗಿದೆಯಲ್ಲ, ತಳ ಹಿಡಿದಿದೆಯಾ?" "ಕೊಬ್ಬು ಯಾಕೆ ಇಷ್ಟು?" "ಗ್ರೇವಿ ಜಾಸ್ತಿ ಹಾಕಿ, ಇನ್ನೂ ಸ್ವಲ್ಪ ಕೆಂಪಗೆ ಮಾಡಿ." ಒಂದು ಕುಟುಂಬ ಕೊಬ್ಬನ್ನೆಲ್ಲ ತಟ್ಟೆಯ ಅಂಚಿಗೆ ತಳ್ಳಿ, ದುಡ್ಡು ಕಡಿಮೆ ಮಾಡಿ ಅಂತ ಜಗಳ ಮಾಡಿತು. ಮೂರು ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ಜೊತೆ ಪಂದಿ ಕರಿಗೆ 160 ರೂಪಾಯಿ ಇಟ್ಟಿದ್ದೆ. ಬಾಡಿಗೆ, ಸಂಬಳ ಬಿಟ್ಟು ಅಸಲೇ 118. ಪಕ್ಕದ ಹೋಟೆಲಿನಲ್ಲಿ ಅದೇ ಹೆಸರಿನ ಕೆಂಪು ಸಾರು 110ಕ್ಕೆ ಸಿಗುತ್ತಿತ್ತು.

ಆಮೇಲೆ 2018ರ ಆಗಸ್ಟ್ ಬಂತು. ಗುಡ್ಡ ಕುಸಿಯಿತು, ರಸ್ತೆ ಹೋಯಿತು, ಪ್ರವಾಸಿಗರು ಬರುವುದು ನಿಂತೇ ಹೋಯಿತು. ಆ ತಿಂಗಳು ಪೂರ್ತಿ ವ್ಯಾಪಾರ 4,300 ರೂಪಾಯಿ. ಫ್ರಿಜ್ಜಿನಲ್ಲಿದ್ದ ಒಂಬತ್ತು ಕೆಜಿ ಮಾಂಸ ಕರೆಂಟ್ ಇಲ್ಲದೆ ಹಾಳಾಯಿತು. 2019ರ ಫೆಬ್ರವರಿಯಲ್ಲಿ ಮುಚ್ಚಿದೆ. ಜೋಮಾಲೆ ಬಿಡಿಸಿಕೊಂಡದ್ದು 2022ರಲ್ಲಿ, ಬಡ್ಡಿಯೇ 61 ಸಾವಿರ. ಅಷ್ಟರಲ್ಲಿ ಅವ್ವ ಇರಲಿಲ್ಲ.

650 ರೂಪಾಯಿಗೆ ಕಂಬ ನೋಡಿ ಬನ್ನಿ. ಊಟ ನನಗೆ ಗೊತ್ತಿಲ್ಲ.

ಮಡಿಕೇರಿಯಲ್ಲಿ ಕೆಫೆ ನಡೆಸುವವ:

ಅಕ್ಕ, ನಿಮ್ಮ ಕಷ್ಟ ಓದಿ ಬೇಜಾರಾಯಿತು. ಆದರೆ ಕೊನೆಯ ಸಾಲು ಬೇಕಿರಲಿಲ್ಲ. ಇವರು ಹೇಳಿದ ಕೆಫೆ ನನ್ನದಲ್ಲ, ನನ್ನದೂ ಅಂಥದ್ದೇ. ಒಳಾಂಗಣಕ್ಕೇ 23 ಲಕ್ಷ ಹಾಕಿದ್ದೇನೆ. ಅದರಲ್ಲಿ ಹಳೇ ಮರದ ಕಂಬಕ್ಕೆ 6 ಲಕ್ಷ. ಬಾಡಿಗೆ 85 ಸಾವಿರ. ಹನ್ನೊಂದು ಜನರ ಸಂಬಳ ತಿಂಗಳಿಗೆ 1 ಲಕ್ಷ 90 ಸಾವಿರ. ಅವರಲ್ಲಿ ಎಂಟು ಜನ ಇದೇ ಜಿಲ್ಲೆಯವರು, ಇಬ್ಬರು ಬೆಂಗಳೂರಿನ ಕೆಲಸ ಬಿಟ್ಟು ವಾಪಸ್ ಬಂದವರು. ಕಂಬ ನೋಡಲು ಜನ ಬಂದರೆ ತಪ್ಪೇನು? ಬಂದವರು ಕಡಂಬುಟ್ಟು ತಿಂದು ಹೋಗುತ್ತಾರಲ್ಲ.

ನಾನೂ ಮೊದಲ ವರ್ಷ ಎಲ್ಲ ಮನೆಯ ಹಾಗೇ ಮಾಡಬೇಕು ಅಂತ ಹಠ ಹಿಡಿದಿದ್ದೆ. ಕಾಚಂಪುಳಿಗೆ ಒಬ್ಬ ಮಧ್ಯವರ್ತಿಯನ್ನು ನಂಬಿದೆ. ಲೀಟರಿಗೆ 800ರ ಹಾಗೆ 12 ಲೀಟರ್, 9,600 ರೂಪಾಯಿ. ಮೊದಲ ಎರಡು ಬಾಟಲಿ ಸರಿ ಇತ್ತು. ಮೂರನೆಯದನ್ನು ಬಿಳಿ ಬಟ್ಟಲಿಗೆ ಸುರಿದರೆ ನೀರಿನ ಹಾಗೆ ಹರಡಿತು, ಚಮಚಕ್ಕೆ ಅಂಟಲೇ ಇಲ್ಲ, ಮೂಗಿಗೆ ಬಾಟಲಿ ವಿನೆಗರಿನ ಘಾಟು. ಸುಟ್ಟ ಬೆಲ್ಲದ ಬಣ್ಣ ಹಾಕಿದ್ದರು. ಅಷ್ಟರಲ್ಲಿ ಅಡುಗೆಯವನು 14 ಕೆಜಿ ಹಂದಿಗೆ ಅದನ್ನೇ ಹಾಕಿ ಆಗಿತ್ತು. ಶನಿವಾರ ಸಂಜೆ ಆರು ಗಂಟೆ. ಅಷ್ಟೂ ಚೆಲ್ಲಿಸಿದೆ. ಆ ದಿನ "ಪಂದಿ ಕರಿ ಇಲ್ಲ" ಅಂತ ಬೋರ್ಡ್ ಹಾಕಿ, ಬಂದವರ ಹತ್ತಿರ ಬೈಸಿಕೊಂಡೆ.

ಈಗ ಪಂದಿ ಕರಿಗೆ ಮಾತ್ರ ಕಾಚಂಪುಳಿ, ಪೆಪ್ಪರ್ ಫ್ರೈಗೆ ನಿಂಬೆಹಣ್ಣು. ಶನಿವಾರ, ಭಾನುವಾರ ಸೇರಿ 260 ತಟ್ಟೆ ಹೋಗುತ್ತದೆ. ಮನೆಯಲ್ಲಿ ಆರು ಜನಕ್ಕೆ ಮಾಡಿದ ಹಾಗೆ ಮಾಡಲು ಆಗುವುದಿಲ್ಲ.

ಕಕ್ಕಬ್ಬೆ ಕಡೆ, ಕಾಚಂಪುಳಿ ಮಾಡುವವಳು:

ಪೆಪ್ಪರ್ ಫ್ರೈಗೆ ನಿಂಬೆಹಣ್ಣು ಹಿಂಡಿ ಹೆಸರಿನ ಹಿಂದೆ ಕೂರ್ಗ್ ಅಂತ ಹಾಕುತ್ತೀರಾ? ಬೋರ್ಡಿನಲ್ಲಿ ಅದನ್ನೂ ಬರೆಯಿರಿ.

ಲೀಟರಿಗೆ 800 ಅಂತ ಅಳುತ್ತಿದ್ದೀರಲ್ಲ, ಅದರ ಹಿಂದಿನ ಕೆಲಸ ಗೊತ್ತಾ? ನಮ್ಮಲ್ಲಿ ಏಳು ಮರ ಇವೆ. ಹಣ್ಣು ಬೀಳುವುದು ಜೂನ್, ಜುಲೈಯಲ್ಲಿ, ಸುರಿಯುವ ಮಳೆಯಲ್ಲೇ. ದಿನಾ ಹೋಗಿ ಹೆಕ್ಕಬೇಕು. ಸೊಂಟ ಬಗ್ಗಿಸಿ ಹೆಕ್ಕುವಷ್ಟರಲ್ಲಿ ಎರಡೂ ಕಾಲಿಗೆ ಜಿಗಣೆ. ಹಣ್ಣನ್ನು ಬುಟ್ಟಿಗೆ ತುಂಬಿ ಪಾತ್ರೆಯ ಮೇಲೆ ಇಡುತ್ತೇವೆ. ಅದು ಕೊಳೆತು, ರಸ ತೊಟ್ಟು ತೊಟ್ಟಾಗಿ ಇಳಿಯಲು ದಿನಗಟ್ಟಲೆ ಬೇಕು. ಆಮೇಲೆ ಸೌದೆ ಒಲೆಯ ಮೇಲೆ ಮಣ್ಣಿನ ಮಡಕೆಯಲ್ಲಿ ಕುದಿಸಬೇಕು. ತಿಳಿ ರಸ ಕಂದಾಗಿ, ಕಪ್ಪಾಗಿ, ಸೌಟಿನಿಂದ ಎತ್ತಿದರೆ ಜೇನಿನ ಹಾಗೆ ಇಳಿಯುವವರೆಗೆ. ಎರಡು ವರ್ಷದ ಹಿಂದೆ ಕುದಿಯುತ್ತಿರುವಾಗಲೇ ಮಡಕೆ ಬಿರುಕು ಬಿಟ್ಟಿತು. ಹದಿನಾರು ದಿನದ ರಸ ಬೂದಿಗೆ ಹೋಯಿತು. ನಾನು ಒಲೆಯ ಮುಂದೆ ಕೂತು ಅತ್ತಿದ್ದೇನೆ. ಹೋದ ವರ್ಷ ಸಿಕ್ಕಿದ್ದು 22 ಬಾಟಲಿ. ಆರು ಬಾಟಲಿ ನಮ್ಮ ಮನೆಗೆ, ನಾಲ್ಕು ಬಾಟಲಿ ಮಗಳ ಮನೆಗೆ, ಉಳಿದ ಹನ್ನೆರಡು ಮಾರಿದೆ.

ಇನ್ನೊಂದು ವಿಷಯ. ಕೆಲವು ಕಡೆ ಪುನರ್ಪುಳಿ ರಸ ತೋರಿಸಿ ಇದೇ ಕಾಚಂಪುಳಿ ಅನ್ನುತ್ತಾರೆ. ಅದು ಬೇರೆ ಮರ, ಕೆಂಪು ಹಣ್ಣು, ಶರಬತ್ತಿಗೆ ಚೆನ್ನ. ನಮ್ಮದು ಪಣಪುಳಿ, ಕನ್ನಡದಲ್ಲಿ ಉಪ್ಪಾಗೆ ಅನ್ನುತ್ತಾರೆ, ಹಳದಿ ಹಣ್ಣು, ಮೈ ಪೂರ್ತಿ ಗೀರು ಗೀರು. ಒಳ್ಳೆಯ ಕಾಚಂಪುಳಿ ಗಾಜಿನ ಬಾಟಲಿಯಲ್ಲಿ ವರ್ಷಗಟ್ಟಲೆ ಇರುತ್ತದೆ. ಒಂದು ಕೆಜಿ ಮಾಂಸಕ್ಕೆ ಎರಡು ಚಮಚ ಸಾಕು. ಲೀಟರ್ ಲೆಕ್ಕದಲ್ಲಿ ಸುರಿಯುವ ವಸ್ತು ಅಲ್ಲ ಅದು.

ಮಡಿಕೇರಿಯಲ್ಲಿ ಕೆಫೆ ನಡೆಸುವವ:

ಅಕ್ಕ, ನಾನು ಅತ್ತಿಲ್ಲ, ಮೋಸ ಹೋದೆ ಅಂತ ಹೇಳಿದೆ. ನಿಮ್ಮ ಹನ್ನೆರಡು ಬಾಟಲಿಯಲ್ಲಿ ನನಗೆ ಎಷ್ಟು ಕೊಡುತ್ತೀರಿ ಹೇಳಿ. ನಿಮ್ಮ ಊರಿಗೇ ಎರಡು ಸಲ ಬಂದಿದ್ದೆ. "ಹೋಟೆಲಿನವರಿಗೆ ಕೊಡುವುದಿಲ್ಲ" ಅಂತ ಮೂರು ಮನೆಯಲ್ಲಿ ಬಾಗಿಲಿನಿಂದಲೇ ಕಳಿಸಿದರು. ಕೊಡುವುದೂ ಇಲ್ಲ, ಬೇರೆ ಕಡೆ ತಂದರೆ ಬೈಯುವುದೂ ಬಿಡುವುದಿಲ್ಲ.

ಸಂಪಾಜೆ ಕಡೆಯವ:

ನನ್ನ ಪ್ರಶ್ನೆ ಬೇರೆ. ಕೊಡಗಿನ ಊಟ ಅಂದ ಕೂಡಲೇ ಎಲ್ಲರೂ ಪಂದಿ ಕರಿ, ಕಡಂಬುಟ್ಟು ಅಂತ ಯಾಕೆ ಶುರು ಮಾಡುತ್ತೀರಿ? ನಾವು ಅರೆಭಾಷೆ ಮಾತಾಡುವ ಗೌಡರು. ಇಲ್ಲಿಯವರೇ. ನಮ್ಮ ಭಾಷೆಗೂ ಸರ್ಕಾರದ ಅಕಾಡೆಮಿ ಮಡಿಕೇರಿಯಲ್ಲೇ ಇದೆ. ನಮ್ಮ ಮನೆಯಲ್ಲೂ ಹಂದಿ ಬೇಯುತ್ತದೆ, ಕಾಚಂಪುಳಿ ಬೀಳುತ್ತದೆ, ಮಳೆಗಾಲಕ್ಕೆ ಕಣಿಲೆ (ಎಳೆ ಬಿದಿರು), ಕೆಸು, ಅಣಬೆ ಬರುತ್ತದೆ. ಗದ್ದೆಯ ಏಡಿ ಹಿಡಿದು ಸಾರು ಮಾಡುವುದನ್ನು ನನಗೆ ಕಲಿಸಿದ್ದು ತೋಟದ ಕೆಲಸಕ್ಕೆ ಬರುತ್ತಿದ್ದ ಯರವ ಬುಡಕಟ್ಟಿನ ಅಜ್ಜಿ. ಯಾವ ಥೀಮ್ ಕೆಫೆಯಲ್ಲಿ ಆ ಅಜ್ಜಿಯ ಜನರ ಅಡುಗೆ ಇದೆ? ಅಮ್ಮಕೊಡವರು ಮಾಂಸವನ್ನೇ ತಿನ್ನುವುದಿಲ್ಲ, ಅವರ ಊಟ ಯಾವ ಬೋರ್ಡಿನಲ್ಲಿ ಇದೆ? ಐನ್‌ಮನೆಯ ಚಿತ್ರ ಹಾಕಿ ಇಡೀ ಜಿಲ್ಲೆ ಇದೇ ಅಂದರೆ ನಮಗೆ ನೋವಾಗುತ್ತದೆ.

ನಾನೇ ಎರಡು ವರ್ಷದ ಹಿಂದೆ ಹೆದ್ದಾರಿ ಬದಿಯಲ್ಲಿ ನಮ್ಮ ಅಡುಗೆಯ ಕ್ಯಾಂಟೀನ್ ಹಾಕಲು ಹೋಗಿ 2 ಲಕ್ಷ 40 ಸಾವಿರ ಕಳೆದುಕೊಂಡೆ. ಕಾರು ನಿಲ್ಲಿಸಿದವರು "ಕೂರ್ಗ್ ಪೋರ್ಕ್ ಇದೆಯಾ" ಅಂತ ಮಾತ್ರ ಕೇಳುತ್ತಿದ್ದರು. ಇದೆ, ನಮ್ಮ ಮನೆಯ ರೀತಿಯದು ಅಂದರೆ ಕಾರು ಮುಂದೆ ಹೋಗುತ್ತಿತ್ತು.

ಬೆಂಗಳೂರಿನಲ್ಲಿರುವ ಕೊಡವ:

ಊಟದ ವಿಷಯ ಹಾಗಿರಲಿ, ಬಡಿಸುವವರಿಗೆ ಕುಪ್ಯ ಚೇಲೆ ಹಾಕಿಸುವುದು ಸರಿಯಾ? ಅದನ್ನು ಯಾರೂ ಕೇಳಲಿಲ್ಲ. ನಾನು ಬಿಳಿ ಕುಪ್ಯ ಹಾಕಿದ್ದು ಒಂದೇ ಸಲ, ನನ್ನ ಮದುವೆಗೆ. ಕಪ್ಪು ಕುಪ್ಯ ಸುಗ್ಗಿ ಹಬ್ಬ ಪುತ್ತರಿಗೆ, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ, ನೆಂಟರ ಮದುವೆಗೆ. ಚೇಲೆ ಸುತ್ತಿ ಪೀಚೆಕತ್ತಿ ಸಿಕ್ಕಿಸುವಾಗ ಅಪ್ಪ ಪಕ್ಕದಲ್ಲಿ ನಿಂತು ಮಡಿಕೆ ಸರಿ ಮಾಡುತ್ತಿದ್ದರು. ಹೋದ ಮೇ ತಿಂಗಳಲ್ಲಿ ಊರಿಗೆ ಬಂದಾಗ ಒಂದು ಥೀಮ್ ರೆಸ್ಟೋರೆಂಟಿಗೆ ಹೋಗಿದ್ದೆವು. ನೀರು ತಂದ ಹುಡುಗ ಮೇಜು ಒರೆಸಿದ ಕೈಯನ್ನು ಚೇಲೆಗೇ ಒರೆಸಿಕೊಂಡ. ಕೆಂಪು ರೇಷ್ಮೆ ಮೇಲೆ ಎಣ್ಣೆ ಕಲೆ. ಅಪ್ಪ ಏನೂ ಹೇಳಲಿಲ್ಲ. ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತರು. ನಾಲ್ಕು ಊಟದ ಬಿಲ್ 3,180 ಕೊಟ್ಟು, ಯಾರೂ ತಿನ್ನದೆ ಬಂದೆವು.

ಇವರು ಹೇಳಿದ 650ರ ಊಟದಲ್ಲಿ ಪುಲ್ಕಾ ಇದೆಯಾ ನೋಡಿ. ಪುಲ್ಕಾ, ಪನೀರ್ ಬಂದರೆ ಎದ್ದು ಬನ್ನಿ.

ಸಂಪಾಜೆ ಕಡೆಯವ:

ಕುಪ್ಯ ನಾವೂ ಮದುವೆಗೆ ಹಾಕುತ್ತೇವೆ ಸಾರ್. "ನಮ್ಮದು" ಅನ್ನುವಾಗ ಸ್ವಲ್ಪ ನೋಡಿ ಹೇಳಿ.

ಬೆಂಗಳೂರಿನಲ್ಲಿರುವ ಕೊಡವ:

ನಾನು "ನಮ್ಮದು" ಅಂತ ಎಲ್ಲೂ ಬರೆದಿಲ್ಲ. ನನ್ನ ಅಪ್ಪನ ವಿಷಯ ಬರೆದೆ. ಮತ್ತೊಮ್ಮೆ ಓದಿ.

ಮಡಿಕೇರಿಯಲ್ಲಿ ಕೆಫೆ ನಡೆಸುವವ:

ನಮ್ಮಲ್ಲೂ ಮೊದಲು ಎಂಟು ಜೊತೆ ಹೊಲಿಸಿದ್ದೆ, ಜೊತೆಗೆ 3,200. ಒಬ್ಬರು ಹಿರಿಯರು ಬಂದು ಕೈ ಹಿಡಿದು ಹೇಳಿದ ಮೇಲೆ ಬಿಟ್ಟೆವು. ಈಗ ಬಿಳಿ ಅಂಗಿ, ಅಷ್ಟೇ. 25,600 ರೂಪಾಯಿಯ ಬಟ್ಟೆ ಪೆಟ್ಟಿಗೆಯಲ್ಲಿದೆ. ನಾನು ಮಾಡಿದ್ದು ತಪ್ಪು, ಒಪ್ಪುತ್ತೇನೆ. ನಿಂಬೆಹಣ್ಣಿನ ವಿಷಯ ಒಪ್ಪುವುದಿಲ್ಲ.

ಸೋಮವಾರಪೇಟೆ ಹೋಂಸ್ಟೇ:

ಅಸಲಿ ಗೊತ್ತಾಗಬೇಕಾದರೆ ತಿಂಗಳು ನೋಡಿ. ಇದು ಹದಿನಾಲ್ಕು ವರ್ಷದಿಂದ ಹೋಂಸ್ಟೇ ನಡೆಸಿ ನಾನು ಕಲಿತ ಪಾಠ. ಇಲ್ಲಿನ ಅಡುಗೆ ಮಳೆಯ ಮೇಲೆ ನಡೆಯುತ್ತದೆ. ಬೈಂಬಳೆ, ಅಂದರೆ ಕಣಿಲೆ, ಮಳೆಗಾಲದ್ದು. ಕಾಡುಮಾವಿನ ಕರಿ ಬೇಸಿಗೆಯ ಕೊನೆಗೆ. ಮದ್ದು ಸೊಪ್ಪಿನ ಪಾಯಸ ಕಕ್ಕಡ ತಿಂಗಳ 18ನೇ ದಿನಕ್ಕೆ, ಅಂದರೆ ಆಗಸ್ಟ್ ಮೊದಲ ವಾರ. ತಂಬುಟ್ಟು ಅನ್ನುವ ಸಿಹಿ ಪುತ್ತರಿಗೆ. ಜನವರಿಯಲ್ಲಿ ಒಂದು ಕಡೆ ಮದ್ದು ಪಾಯಸ ಕೊಟ್ಟರು, ನೇರಳೆ ಬಣ್ಣ ಚೆನ್ನಾಗಿಯೇ ಇತ್ತು. ಆದರೆ ನಿಜವಾದ ಮದ್ದು ಸೊಪ್ಪು ತಿಂದರೆ ಮರುದಿನ ಬೆಳಿಗ್ಗೆ ಮೂತ್ರದ ಬಣ್ಣ ಕೆಂಪಾಗುತ್ತದೆ. ಇಲ್ಲಿ ಮಕ್ಕಳಿಗೂ ಗೊತ್ತಿರುವ ಗುರುತು ಅದು. ಆಗಲಿಲ್ಲ.

ಇನ್ನು, ಕಾಡುಹಂದಿ ಕರಿ ಇದೆ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಹೊರಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆಯಾಡುವ ಹಾಗಿಲ್ಲ. ಒಂದೋ ಸುಳ್ಳು ಹೇಳುತ್ತಿದ್ದಾರೆ, ಇಲ್ಲ ಅಪರಾಧ ಮಾಡುತ್ತಿದ್ದಾರೆ.

ಬೈಂಬಳೆಯ ಬಗ್ಗೆ ಎಚ್ಚರ ಇರಲಿ. ನನಗೆ ಪೆಟ್ಟು ಬಿದ್ದಿದೆ. ಎಳೆ ಕಣಿಲೆಯನ್ನು ಹೆಚ್ಚಿ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಬೇಯಿಸಿ, ಆ ನೀರನ್ನೂ ಚೆಲ್ಲಬೇಕು. ಹಸಿಯದರಲ್ಲಿ ವಿಷದ ಅಂಶ ಇದೆ. 2021ರಲ್ಲಿ ನನ್ನ ಸಹಾಯಕ್ಕಿದ್ದ ಹುಡುಗಿ ಒಂದು ದಿನ ನೀರು ಬದಲಿಸುವುದು ಮರೆತಳು. ನನಗೂ ಹೇಳಲಿಲ್ಲ. ಅತಿಥಿಗಳಲ್ಲಿ ಇಬ್ಬರಿಗೆ ರಾತ್ರಿಯೆಲ್ಲ ವಾಂತಿ. ಕ್ಲಿನಿಕ್ಕಿಗೆ 3,400, ಎರಡು ರಾತ್ರಿಯ ಬಾಡಿಗೆ 9,000 ವಾಪಸ್. ದುಡ್ಡು ಹೋಗಲಿ, ಬೆಳಿಗ್ಗೆ ಅವರ ಮುಖ ನೋಡುವುದೇ ಕಷ್ಟವಾಯಿತು. ಅಂದಿನಿಂದ ಡಬ್ಬದ ಮೇಲೆ ದಿನಾಂಕ ಬರೆದು ಅಂಟಿಸುತ್ತೇನೆ.

ಗೋಣಿಕೊಪ್ಪಲಿನಲ್ಲಿ ಮೆಸ್ ಇಟ್ಟಿದ್ದವಳು:

ಮಳೆಗಾಲ ಬಿಟ್ಟು ಬೈಂಬಳೆ ಕೊಟ್ಟರೆ ನಕಲಿ ಅನ್ನಬೇಡಿ. ಉಪ್ಪು ನೀರಿನಲ್ಲಿ ಹಾಕಿಟ್ಟು ಬೇಸಿಗೆಗೂ ಮಾಡುತ್ತಿದ್ದರು ನಮ್ಮ ಮನೆಯಲ್ಲಿ. ನಮ್ಮಜ್ಜಿಯ ಭರಣಿ ಈಗಲೂ ಇದೆ.

ಸೋಮವಾರಪೇಟೆ ಹೋಂಸ್ಟೇ:

ಮನೆಯ ಭರಣಿ ಬೇರೆ ಅಕ್ಕ. ಕೆಫೆಗಳಿಗೆ ಬರುವುದು ಪೇಟೆಯಿಂದ ಡಬ್ಬದಲ್ಲಿ. ಎರಡೂ ಒಂದೇ ಅನ್ನಬೇಡಿ.

ಗೋಣಿಕೊಪ್ಪಲಿನಲ್ಲಿ ಮೆಸ್ ಇಟ್ಟಿದ್ದವಳು:

ನಾನು ಎರಡೂ ಒಂದೇ ಅನ್ನಲಿಲ್ಲ. "ಮಳೆಗಾಲದ್ದು" ಅಂತ ನೀವು ಅಷ್ಟು ಗಟ್ಟಿಯಾಗಿ ಬರೆದಿದ್ದಕ್ಕೆ ಹೇಳಿದೆ. ನನ್ನ ಮೆಸ್ಸಿನಲ್ಲಿ ಮಾರ್ಚ್ ತಿಂಗಳಲ್ಲಿ ಬೈಂಬಳೆ ಕರಿ ಹಾಕಿದಾಗಲೂ ಒಬ್ಬರು ಇದೇ ಮಾತು ಹೇಳಿ ಎದ್ದು ಹೋದರು. ಅರ್ಧ ಗೊತ್ತಿರುವವರಿಂದ ನನಗೆ ಜಾಸ್ತಿ ನಷ್ಟವಾಗಿದೆ.

ಮಡಿಕೇರಿಗೆ ಹೊಸಬ:

ಎಲ್ಲರಿಗೂ ಧನ್ಯವಾದ. ಇಷ್ಟು ವಿಷಯ ಗೊತ್ತಿರಲಿಲ್ಲ. ಆದರೆ ಅತ್ತೆ, ಮಾವ ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಬರೆದಿದ್ದೆ. ಅವರಿಗೆ ಏನು ಕೇಳಲಿ?

ಸೋಮವಾರಪೇಟೆ ಹೋಂಸ್ಟೇ:

ಅಯ್ಯೋ, ಹೌದಲ್ವಾ. ಕ್ಷಮಿಸಿ. ಅಕ್ಕಿ ಒಟ್ಟಿ (ರೊಟ್ಟಿ) ಕೇಳಿ, ಜೊತೆಗೆ ಎಳ್ಳು ಪಜ್ಜಿ (ಚಟ್ನಿ), ಸಿಹಿಗುಂಬಳದ ಕರಿ, ಮೇಲೆ ಬೆಣ್ಣೆ. ನೂಲ್‌ಪುಟ್ಟಿಗೆ ಬೆಲ್ಲ ಹಾಕಿದ ಕಾಯಿಹಾಲು. ಪಾಪುಟ್ಟು ಇದ್ದರೆ ಬಿಡಬೇಡಿ, ಅಕ್ಕಿ ತರಿಗೆ ಹಾಲು, ಕಾಯಿತುರಿ ಹಾಕಿ ತಟ್ಟೆಯಲ್ಲಿ ಹಬೆಗೆ ಇಟ್ಟದ್ದು, ಹಿರಿಯರಿಗೆ ಮೆತ್ತಗಿರುತ್ತದೆ. ಕೊನೆಗೆ ಬೆಲ್ಲದ ಕಪ್ಪು ಕಾಫಿ. ಒಂದು ಮಾತು ಮಾತ್ರ ನೇರವಾಗಿ ಕೇಳಿ: ಒಟ್ಟಿಯ ಕಾವಲಿಗೆ ಹಂದಿ ನೆಣ ಸವರುತ್ತೀರಾ, ಸೌಟು ಬೇರೆ ಇದೆಯಾ ಅಂತ.

ಗೋಣಿಕೊಪ್ಪಲಿನಲ್ಲಿ ಮೆಸ್ ಇಟ್ಟಿದ್ದವಳು:

ಒಟ್ಟಿ ಅಂದರೆ ಸುಮ್ನೆ ಅಕ್ಕಿ ಹಿಟ್ಟಿನ ರೊಟ್ಟಿ ಅಲ್ಲ. ಅನ್ನವನ್ನು ಹಿಟ್ಟಿನ ಜೊತೆ ನಾದಿ, ತಟ್ಟಿ, ಕಾವಲಿಯಿಂದ ಕೆಂಡಕ್ಕೆ ಹಾಕಿ ಉಬ್ಬಿಸಿದ್ದು. ಮುರಿದರೆ ಒಳಗೆ ಮೆತ್ತಗೆ, ಎರಡು ಪದರ ಬಿಡಬೇಕು. ಈರುಳ್ಳಿ, ಸಬ್ಬಸಿಗೆ ಹಾಕಿ ತಂದರೆ ಅದು ಬೇರೆ ಊರಿನದು. ಕಡಂಬುಟ್ಟನ್ನೂ ಮುರಿದು ನೋಡಿ, ಅಕ್ಕಿ ತರಿಯ ಕಾಳು ಕಣ್ಣಿಗೆ ಕಾಣಬೇಕು. ಹಲ್ಲಿಗೆ ಅಂಟಿದರೆ ಪ್ಯಾಕೆಟ್ಟಿನ ಇಡ್ಲಿ ರವೆ.

ಮಡಿಕೇರಿಯಲ್ಲಿ ಕೆಫೆ ನಡೆಸುವವ:

ಒಟ್ಟಿ ನಮ್ಮಲ್ಲಿ ಬೆಳಿಗ್ಗೆ ಮಾತ್ರ, ಎಂಟರಿಂದ ಹತ್ತೂವರೆ. ಕೆಂಡಕ್ಕೆ ಕಾಫಿ ಗಿಡದ ಸೌದೆ. ಮಾಂಸ ಇಲ್ಲದ ಅಡುಗೆಗೆ ಒಲೆ, ಪಾತ್ರೆ ಬೇರೆ. ವಿಜಯದಶಮಿ ರಾತ್ರಿಗೆ ಮಾತ್ರ ಯಾವ ಹೋಟೆಲನ್ನೂ ನಂಬಬೇಡಿ, ನನ್ನದನ್ನೂ. ಹತ್ತು ದೇವಸ್ಥಾನಗಳ ಮಂಟಪ ಮೆರವಣಿಗೆ ಹೊರಡುವ ರಾತ್ರಿ ಊರು ತುಂಬಿರುತ್ತದೆ, ಅಡುಗೆಯವರಿಗೆ ತಲೆ ಎತ್ತಲು ಪುರಸೊತ್ತು ಇರುವುದಿಲ್ಲ. ಎರಡು ದಿನ ಮುಂಚೆ ಬನ್ನಿ.

ಮಡಿಕೇರಿಗೆ ಹೊಸಬ:

ಹಾಗೇ ಮಾಡುತ್ತೇವೆ ಸಾರ್. ಬೆಳಿಗ್ಗೆ ಒಂಬತ್ತಕ್ಕೆ ನಾಲ್ಕು ಜನ.

ಕಕ್ಕಬ್ಬೆ ಕಡೆ, ಕಾಚಂಪುಳಿ ಮಾಡುವವಳು:

ಕೆಫೆಯವರೇ, ಬಾಗಿಲಿನಿಂದ ಕಳಿಸಿದ್ದು ನಮ್ಮ ಮನೆಯಿಂದ ಅಲ್ಲ, ಅದನ್ನು ತಿಳಿದುಕೊಳ್ಳಿ. ಈ ವರ್ಷದ್ದು ಹದಿನೆಂಟು ಬಾಟಲಿ ಆಗಿದೆ. ಮೂರು ಕೊಡಬಹುದು. ಬಾಟಲಿಗೆ 900, ಚೌಕಾಸಿ ಇಲ್ಲ. ನಿಮ್ಮ ಆ ನಕಲಿ ಬಾಟಲಿ ಇನ್ನೂ ಉಳಿದಿದ್ದರೆ ಎಸೆಯಬೇಡಿ, ತನ್ನಿ. ಯಾರ ಕೈಯ ಕೆಲಸ ಅಂತ ನೋಡಬೇಕು ನನಗೆ.

ಮಡಿಕೇರಿಯಲ್ಲಿ ಕೆಫೆ ನಡೆಸುವವ:

ಎರಡು ಬಾಟಲಿ ಸೀಲ್ ಸಮೇತ ಇಟ್ಟಿದ್ದೇನೆ. ಭಾನುವಾರ ಬರಲಾ?

ಕಕ್ಕಬ್ಬೆ ಕಡೆ, ಕಾಚಂಪುಳಿ ಮಾಡುವವಳು:

ಭಾನುವಾರ ಮದುವೆಗೆ ಹೋಗಬೇಕು. ಸೋಮವಾರ ಬನ್ನಿ. ಪೆಪ್ಪರ್ ಫ್ರೈಯ ಮಾತು ಇನ್ನೂ ಮುಗಿದಿಲ್ಲ.